ಬೆಟ್ಟದ ದಾರಿ ನಮ್ಮದೂ ಹೌದು



ನಮ್ಮ ನಂದಿಬೆಟ್ಟದ ಎತ್ತರ 1,478 ಮೀಟರ್. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಭಾನುವಾರ ಬಂತೆಂದರೆ ಸಾಲು ಸಾಲು ಕಾರು, ಬೈಕು. ರಸ್ತೆ ಪಕ್ಕದಲ್ಲೇ ನಿಲ್ಲಿಸುತ್ತಾರೆ. ಹುಲ್ಲಿನ ಹೊರೆ ಹೊತ್ತು ನಾವು ಎಲ್ಲಿ ನಡೀಬೇಕು? ಸೈಕಲ್ ತುಳಿಯುವ ಮಕ್ಕಳು ಎಲ್ಲಿ ಹೋಗಬೇಕು?

ಇದಕ್ಕೆ ಉಪಾಯ ಇದೆ. ಗಾಡಿಗಳು ಬೆಟ್ಟದ ಬುಡದಲ್ಲೇ ನಿಲ್ಲಲಿ. ಅಲ್ಲಿಂದ ಮೇಲಕ್ಕೆ ಹೆಚ್ಚು ಬಸ್ಸು ಓಡಲಿ. ಹತ್ತುವವರಿಗೆ ಹಳೆಯ ಮೆಟ್ಟಿಲ ದಾರಿ ಇದೆ, ಅದನ್ನು ಚೊಕ್ಕಟವಾಗಿ ಇಡಲಿ. ರಸ್ತೆ ಅಂಚಿನಲ್ಲಿ ನಡೆಯುವವರಿಗೂ ಸೈಕಲ್ಲಿಗೂ ಜಾಗ ಬಿಡಲಿ.

ಇದನ್ನು ಗ್ರಾಮಸಭೆಯಲ್ಲಿ ಹೇಳೋಣ. ಅರ್ಜಿ ನಾವೇ ಬರೆಯೋಣ. ಹಿಂದೆ ನಮ್ಮಲ್ಲಿ ಅನೇಕರು ಹೆಬ್ಬೆಟ್ಟು ಒತ್ತಿದ್ದೆವು. ಕಾಗದದಲ್ಲಿ ಏನಿತ್ತೋ ಗೊತ್ತಾಗಲಿಲ್ಲ. ಈ ಸಲ ಓದಿ ನೋಡಿ ಸಹಿ ಹಾಕೋಣ.