ಜಾನ್ಸ್‌ಟೌನಿನ ಮಂಜಿನಂಕಣ

ಹಾಕಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮವರ ಕಣ್ಣೆದುರಿಗೆ ಬರುವುದು ಬಯಲು, ಬಿಸಿಲು, ಬಹುಶಃ ಕೊಡಗಿನ ಮನೆತನಗಳ ಪಂದ್ಯಾವಳಿ. ಉತ್ತರ ಅಮೆರಿಕದಲ್ಲಿ ಅದೇ ಹೆಸರು ಇನ್ನೊಂದು ಆಟಕ್ಕೆ ಸಲ್ಲುತ್ತದೆ. ಅಲ್ಲಿ ನೆಲವೆಂಬುದು ಮಂಜುಗಡ್ಡೆ. ಆಟಗಾರನ ಕಾಲಿಗೆ ಉಕ್ಕಿನ ಅಲಗುಳ್ಳ ಸ್ಕೇಟು. ಚೆಂಡಿನ ಸ್ಥಾನದಲ್ಲಿ ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪದ ರಬ್ಬರಿನ ಬಿಲ್ಲೆ. ಅದಕ್ಕೆ ಪಕ್ ಎಂದು ಹೆಸರು. ಗೋಲು ಕಾಯುವವನೂ ಸೇರಿ ಒಂದೊಂದು ಪಕ್ಷಕ್ಕೆ 6 ಮಂದಿ. ಆಟದ ನಿಯಮಗಳನ್ನು ಇಷ್ಟಕ್ಕೇ ಬಿಡುತ್ತೇನೆ. ನಾನು ಹೇಳಹೊರಟಿರುವುದು ಒಂದು ಸಣ್ಣ ಊರಿನ ತಂಡದ ಕಥೆಯನ್ನು. ಸಾಹಿತ್ಯವನ್ನು ಪಾಠ ಹೇಳಿ ಬದುಕಿದ ನನಗೆ ಇದರಲ್ಲಿ ಆಸಕ್ತಿ ಹುಟ್ಟಿದುದಕ್ಕೆ ಕಾರಣ, ಇಲ್ಲಿ ಕಲ್ಪನೆ ವಾಸ್ತವವನ್ನು ಹಿಂಬಾಲಿಸದೆ ಒಂದೆರಡು ಹೆಜ್ಜೆ ಮುಂದೆಯೇ ನಡೆದಿದೆ ಎಂಬುದು.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಶ್ಚಿಮ ಭಾಗದಲ್ಲಿ, ಬೆಟ್ಟಗಳ ಸಂದಿನಲ್ಲಿ, ಎರಡು ಹೊಳೆಗಳು ಕೂಡುವೆಡೆಯಲ್ಲಿ ಜಾನ್ಸ್‌ಟೌನ್ ಇದೆ. 1852ರಲ್ಲಿ ಅಲ್ಲಿ ಕೇಂಬ್ರಿಯಾ ಐರನ್ ಕಂಪನಿ ಸ್ಥಾಪನೆಯಾಯಿತು. ಕಬ್ಬಿಣ ಊರಿಗೆ ಅನ್ನವನ್ನು ಕೊಟ್ಟಿತು. ನೀರು ಅದನ್ನು ಮತ್ತೆ ಮತ್ತೆ ಕಸಿಯಿತು. 1889ರ ಮೇ 31ರಂದು ಮೇಲಿನ ಕಣಿವೆಯ ಅಣೆಕಟ್ಟು ಒಡೆದು 2,209 ಜನ ಮಡಿದರು. ಆ ಕೆರೆ ಸಿರಿವಂತರ ವಿಹಾರಸಂಘವೊಂದರ ಸ್ವತ್ತಾಗಿತ್ತು. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿಯೂ ಅದರ ಸದಸ್ಯನಾಗಿದ್ದ. 1936ರಲ್ಲಿ ಮತ್ತೆ ನೆರೆ ಬಂತು. ಆಮೇಲೆ ಸರಕಾರ ಹೊಳೆಯ ದಂಡೆಗಳಿಗೆ ಕಾಂಕ್ರೀಟು ಕಟ್ಟಿಸಿತು. ನೆರೆಯ ಭಯವಿಲ್ಲದ ನಗರವೆಂದು ಊರು ತನ್ನನ್ನು ತಾನೇ ಕರೆದುಕೊಂಡಿತು. ಈ ಬಿರುದನ್ನು ತುಸು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೇಳುಗರಲ್ಲಿ ನನ್ನ ವಿನಂತಿ.

ಎರಡನೆಯ ಮಹಾಯುದ್ಧದ ತರುವಾಯ, ಮಡಿದ ಸೈನಿಕರ ಸ್ಮಾರಕವಾಗಿ ಊರಿನವರು ಕಲ್ಲಿನ ಕಂಬವನ್ನು ನಿಲ್ಲಿಸದೆ ಒಂದು ಆಟದ ಮನೆಯನ್ನು ಕಟ್ಟಿದರು. ಕೇಂಬ್ರಿಯಾ ಕೌಂಟಿ ವಾರ್ ಮೆಮೋರಿಯಲ್ ಅರೀನಾ ತೆರೆದದ್ದು 1950ರಲ್ಲಿ. ಅದೇ ವರ್ಷ ಜಾನ್ಸ್‌ಟೌನ್ ಜೆಟ್ಸ್ ಎಂಬ ವೃತ್ತಿಪರ ತಂಡವೂ ಹುಟ್ಟಿತು.

ಕಿರಿಯ ಲೀಗಿನ ತಂಡವೆಂದರೇನು? ನಮ್ಮ ಹಳೆಯ ವೃತ್ತಿ ನಾಟಕ ಮಂಡಳಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಸಂಬಳ ಅಲ್ಪ, ಪ್ರಯಾಣ ಬಹಳ, ಟಿಕೆಟ್ಟು ಮಾರಿದರೆ ಊಟ. ಚೆನ್ನಾಗಿ ಆಡುವವನಿಗೆ ದೊಡ್ಡ ಕಂಪನಿಯಿಂದ ಕರೆ ಬಂದರೆ ಅವನು ನಾಳೆಯೇ ಹೊರಟುಹೋಗುತ್ತಾನೆ. ಕಳುಹಿಸಿದ ಊರು ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಅಲ್ಲಿಯ ದೊಡ್ಡ ಕಂಪನಿಯೆಂದರೆ ನ್ಯಾಷನಲ್ ಹಾಕಿ ಲೀಗ್. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಚಿಕ್ಕ ಲೀಗುಗಳು. ಜೆಟ್ಸ್ ಬಹುಕಾಲ ಆಡಿದ್ದು ಈಸ್ಟರ್ನ್ ಹಾಕಿ ಲೀಗಿನಲ್ಲಿ. 1960, 1961, 1962 ಈ ಮೂರು ವರ್ಷವೂ ಅದೇ ಗೆದ್ದಿತು. ಆ ಲೀಗು 1973ರಲ್ಲಿ ಒಡೆದಾಗ ನಾರ್ತ್ ಅಮೆರಿಕನ್ ಹಾಕಿ ಲೀಗನ್ನು ಸೇರಿ, 1975ರಲ್ಲಿ ಅಲ್ಲಿಯೂ ಪ್ರಶಸ್ತಿಯನ್ನು ಪಡೆಯಿತು.

ಆ ಕಾಲದ ತಂಡದಲ್ಲಿ ನೆಡ್ ಡೌಡ್ ಎಂಬ ಆಟಗಾರನಿದ್ದ. ಅವನ ಅಕ್ಕ ನ್ಯಾನ್ಸಿ ಡೌಡ್ ಲೇಖಕಿ. ತಂಡವನ್ನು ಮಾರಲಿದ್ದಾರೆಂಬ ಸುದ್ದಿ ತಮ್ಮನಿಂದ ತಿಳಿದು ಆಕೆ ಆ ಊರಿಗೆ ಬಂದಳು. ತಮ್ಮನ ಕೈಗೆ ಒಂದು ಟೇಪ್ ರೆಕಾರ್ಡರನ್ನು ಕೊಟ್ಟಳು. ಉಡುಪು ಬದಲಿಸುವ ಕೋಣೆಯಲ್ಲಿ, ಬಸ್ಸಿನಲ್ಲಿ ಆಟಗಾರರು ಆಡಿದ ಮಾತನ್ನು ಅವನು ಹಿಡಿದು ತಂದ. ಅದರಿಂದ ಹುಟ್ಟಿದ ಚಿತ್ರವೇ ‘ಸ್ಲ್ಯಾಪ್ ಶಾಟ್’. ನಿರ್ದೇಶಕ ಜಾರ್ಜ್ ರಾಯ್ ಹಿಲ್, ನಾಯಕ ಪಾಲ್ ನ್ಯೂಮನ್, ತೆರೆಕಂಡದ್ದು 1977ರ ಫೆಬ್ರವರಿಯಲ್ಲಿ. ಚಿತ್ರದ ಭಾಷೆ ಬೈಗುಳಮಯ. ಮನೆಮಂದಿಯೆಲ್ಲ ಕುಳಿತು ನೋಡುವಂಥದಲ್ಲ. ಆದರೆ ಅದು ಕಿವಿಯಿಂದ ಬರೆದ ಭಾಷೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆಡುಮಾತನ್ನು ಕಾಗದಕ್ಕೆ ಇಳಿಸುವ ಕಷ್ಟವನ್ನು ಬಲ್ಲವರು ಅದನ್ನು ಮೆಚ್ಚಬೇಕು. ಜೆಟ್ಸ್ ಆಟಗಾರರಾದ ಮೂವರು ಕಾರ್ಲ್‌ಸನ್ ಸೋದರರು ಚಿತ್ರದಲ್ಲಿ ನಟಿಸಬೇಕಾಗಿತ್ತು. ಚಿತ್ರೀಕರಣದ ವೇಳೆಗೆ ಒಬ್ಬನಿಗೆ, ಜ್ಯಾಕ್‌ಗೆ, ಮೇಲಿನ ಲೀಗಿನಿಂದ ಕರೆ ಬಂದು ಅವನು ಹೊರಟುಹೋದ. ಅವನ ಜಾಗಕ್ಕೆ ಡೇವ್ ಹ್ಯಾನ್ಸನ್ ಎಂಬ ಆಟಗಾರ ಬಂದ.

ಚಿತ್ರದ ಊರಿನ ಹೆಸರು ಚಾರ್ಲ್ಸ್‌ಟೌನ್, ತಂಡದ ಹೆಸರು ಚೀಫ್ಸ್. ಗಿರಣಿ ಮುಚ್ಚಲಿದೆ, ಹತ್ತು ಸಾವಿರ ಜನಕ್ಕೆ ಕೆಲಸ ಹೋಗಲಿದೆ, ಅದರೊಡನೆ ತಂಡವೂ ಮುಳುಗಲಿದೆ. ಯಾರೆಂದು ಯಾರಿಗೂ ತಿಳಿಯದ ತಂಡದ ಯಜಮಾನನನ್ನು ನಾಯಕ ಹುಡುಕಿಕೊಂಡು ಹೋಗುತ್ತಾನೆ. ನೋಡಿದರೆ ಒಬ್ಬ ಅನುಕೂಲಸ್ಥ ಗೃಹಿಣಿ. ಮಾರಿದರೆ ಲಾಭ ಬಂದೀತು, ಆದರೆ ಮುಚ್ಚಿಬಿಟ್ಟರೆ ತೆರಿಗೆಯಲ್ಲಿ ಉಳಿತಾಯ ಇನ್ನೂ ಹೆಚ್ಚು ಎಂದು ಆಕೆ ಸಮಾಧಾನದಿಂದ ಹೇಳುತ್ತಾಳೆ. ಚಿತ್ರದ ಹೊಡೆದಾಟಗಳನ್ನೇ ಜನ ನೆನೆಯುತ್ತಾರೆ. ನನಗೆ ಅದರ ತಿರುಳು ಈ ದೃಶ್ಯದಲ್ಲಿದೆ ಎಂದು ತೋರುತ್ತದೆ. ಊರಿನವರು ‘ನಮ್ಮ ತಂಡ’ ಎಂದು ಕೂಗುವಾಗ ಆ ‘ನಮ್ಮ’ ಎಂಬುದಕ್ಕೆ ಕಾಗದದ ಮೇಲೆ ಏನೂ ಬೆಲೆಯಿಲ್ಲ.

ಚಿತ್ರ ಬಂದ ವರ್ಷವೇ ಲೀಗು ವಿಸರ್ಜನೆಯಾಯಿತು. ಜುಲೈ 19ರ ರಾತ್ರಿ ಸುರಿಯತೊಡಗಿದ ಮಳೆಗೆ, ನೆರೆಯ ಭಯವಿಲ್ಲದ ನಗರದ ಸುತ್ತಮುತ್ತ ಅಣೆಕಟ್ಟುಗಳು ಒಡೆದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಜೆಟ್ಸ್ ಮುಗಿಯಿತು. ಆ ವೇಳೆಗೆ ಗಿರಣಿಗಳು ಬೆತ್ಲೆಹೆಮ್ ಸ್ಟೀಲ್ ಕಂಪನಿಯ ಕೈಯಲ್ಲಿದ್ದುವು. ಕೆಲಸಗಾರರನ್ನು ಸಾವಿರಗಟ್ಟಲೆ ಬಿಡಿಸಿದರು. 1983ರ ಸುಮಾರಿಗೆ ದುಡಿಯಬಲ್ಲ ನಾಲ್ವರಲ್ಲಿ ಹೆಚ್ಚುಕಡಮೆ ಒಬ್ಬರಿಗೆ ಕೆಲಸವಿರಲಿಲ್ಲ. 1992ರಲ್ಲಿ ಕಂಪನಿ ಅಲ್ಲಿಯ ಉಕ್ಕಿನ ಕೆಲಸವನ್ನು ಪೂರ್ತಿಯಾಗಿ ನಿಲ್ಲಿಸಿತು. ನ್ಯಾನ್ಸಿ ಬರೆದದ್ದು ಹೀಗೆ ಒಂದೊಂದಾಗಿ ನಡೆಯಿತು.

ಆಮೇಲೆ ವಿಚಿತ್ರವೊಂದು ಸಂಭವಿಸಿತು. 1988ರಲ್ಲಿ ಊರಿಗೆ ಮತ್ತೆ ವೃತ್ತಿಪರ ತಂಡ ಬಂದಾಗ ಅದಕ್ಕೆ ಇಟ್ಟ ಹೆಸರು ಜಾನ್ಸ್‌ಟೌನ್ ಚೀಫ್ಸ್. ನಿಜವಾದ ತಂಡವನ್ನು ನೋಡಿ ಬರೆದ ಕಥೆಯ ತಂಡದ ಹೆಸರನ್ನು ಮತ್ತೊಂದು ನಿಜವಾದ ತಂಡ ಧರಿಸಿತು. ಅದೇ ವರ್ಷ ಹೊಸದಾಗಿ ಹುಟ್ಟಿದ ಈಸ್ಟ್ ಕೋಸ್ಟ್ ಹಾಕಿ ಲೀಗಿನ 5 ತಂಡಗಳಲ್ಲಿ ಅದೂ ಒಂದು. ತರಬೇತುದಾರನಾಗಿ ಬಂದವನು, ಚಿತ್ರದಲ್ಲಿ ನಟಿಸಿದ್ದ ಸ್ಟೀವ್ ಕಾರ್ಲ್‌ಸನ್. ಮೊದಲ ವರ್ಷವೇ ಅಂತಿಮ ಸುತ್ತನ್ನು ಮುಟ್ಟಿ, ಏಳನೆಯ ಪಂದ್ಯದಲ್ಲಿ ಕ್ಯಾರೊಲೈನಾ ತಂಡಕ್ಕೆ ಸೋತಿತು. ಆ ಲೀಗಿನಲ್ಲಿ ಒಟ್ಟು 22 ಋತುಗಳು ಆಡಿದರೂ ಕಪ್ಪು ಅದರ ಕೈಗೆ ಬರಲಿಲ್ಲ.

ಆ ಊರಿನಲ್ಲಿ ಲೋಹದ ನಾಯಿಯೊಂದರ ಪ್ರತಿಮೆಯಿದೆ. ಹಿಂದೆ ಮಾರ್ಲಿ ಎಂಬ ಮನೆಯವರ ಅಂಗಳದ ಅಲಂಕಾರವಾಗಿದ್ದ ಅದು 1889ರ ನೆರೆಯಲ್ಲಿ ಕೊಚ್ಚಿಹೋಗಿ ಮತ್ತೆ ಸಿಕ್ಕಿದ್ದು. ಚಿತ್ರದಲ್ಲಿ ಅದನ್ನು ಊರನ್ನು ನೆರೆಯಿಂದ ಕಾಪಾಡಿದ ನಾಯಿಯೆಂದು ಹೇಳಿಸಿದ್ದಾರೆ. ವೀರಗಲ್ಲಿಲ್ಲದ ಊರಿಗೂ ಒಂದು ವೀರಕಥೆ ಬೇಕಾಗುತ್ತದೆ.

ಕೊನೆಯ ವರ್ಷಗಳಲ್ಲಿ ಚೀಫ್ಸ್ ತಂಡಕ್ಕೆ ಜನ ಸಾಲಲಿಲ್ಲ. ಊರಿನ ಜನಸಂಖ್ಯೆಯೇ ಕರಗಿತ್ತು. 2010ರಲ್ಲಿ ಯಜಮಾನರು ತಂಡವನ್ನು ದಕ್ಷಿಣ ಕ್ಯಾರೊಲೈನಾದ ಗ್ರೀನ್‌ವಿಲ್ ನಗರಕ್ಕೆ ಕೊಂಡೊಯ್ದರು, ಹೆಸರನ್ನೂ ಬದಲಿಸಿದರು. 2012ರಿಂದ ವಾರ್ ಮೆಮೋರಿಯಲ್ಲಿನ ಮಂಜಿನ ಮೇಲೆ ಆಡಲು ಬಂದುದು ಟೋಮಹಾಕ್ಸ್ ಎಂಬ ತಂಡ. ಅದು ವೃತ್ತಿಪರ ತಂಡವಲ್ಲ. ಕಾಲೇಜಿನ ತಂಡಗಳಿಗೆ ಸೇರುವ ಆಸೆಯಿಂದ ಸಂಬಳವಿಲ್ಲದೆ ಆಡುವ ಹುಡುಗರ ತಂಡ. ದೂರದಿಂದ ಬಂದ ಈ ಹುಡುಗರಿಗೆ ಊರಿನ ಸಂಸಾರಗಳು ತಮ್ಮ ಮನೆಗಳಲ್ಲಿಯೇ ಊಟ ವಸತಿಗಳನ್ನು ಕೊಟ್ಟು ಸಾಕಿದರು.