ಕೋಳಿಮರಿಗೆ ಸಲ್ಲಬೇಕಾದ ಬಿಸಿಲು



ಹಿತ್ತಲಿನಲ್ಲಿ ಕೆದಕುತ್ತ ತಿರುಗುವ ಕೋಳಿಮರಿಗೆ ಅಪರೂಪವಾದ ಕಾಲಿನ ನಿತ್ರಾಣವು, ಸೂರಿನ ಕೆಳಗೇ ಬೆಳೆದ ಮರಿಗೆ ಏಕೆ ಬರುತ್ತದೆ? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಹಾರ್ಟ್, ಸ್ಟೀನ್‌ಬಾಕ್ ಮೊದಲಾದವರು 1920ರ ದಶಕದಲ್ಲಿ ಇದನ್ನು ಪರೀಕ್ಷಿಸಿದರು. ಬಿಸಿಲನ್ನಾಗಲಿ ಕಾಡ್ ಮೀನಿನ ಎಣ್ಣೆಯನ್ನಾಗಲಿ ಪಡೆದ ಮರಿಗಳು ಕುಂಟಲಿಲ್ಲ. ಎರಡರಿಂದಲೂ ದೊರೆಯುವುದು ‘ಡಿ’ ಜೀವಸತ್ತ್ವ. ಅದಿಲ್ಲದೆ ಕರುಳು ಆಹಾರದ ಸುಣ್ಣವನ್ನೂ ರಂಜಕವನ್ನೂ ಸಾಕಷ್ಟು ಹೀರಲಾರದು. ಮೂಳೆ ಮೆತ್ತಗಾಗಿ ಬಾಗುತ್ತದೆ. ಇಂದಿನ ಬ್ರಾಯ್ಲರ್ ಮರಿಯಂತೂ ಆರೇ ವಾರಗಳಲ್ಲಿ ಎರಡು ಕಿಲೋಗ್ರಾಮಿಗೂ ಮಿಕ್ಕು ತೂಗುತ್ತದೆ. ಎಳೆಯ ಮೂಳೆಗೆ ಅದೆಂಥ ಹೊರೆ! ಆದುದರಿಂದ ಮೇವಿಗೆ ಈ ಸತ್ತ್ವವನ್ನು ಬೆರೆಸಲೇಬೇಕು. ಸಸ್ಯಮೂಲದ ಡಿ2 ಕೋಳಿಗೆ ಅಷ್ಟಾಗಿ ಒದಗದು, ಡಿ3ಯೇ ಆಗಬೇಕು. ಮರಿಯನ್ನು ಸೂರಿನ ಕೆಳಗಿಟ್ಟವರು ನಾವು. ಅದರ ಪಾಲಿನ ಬಿಸಿಲನ್ನು ಮೇವಿನ ಮೂಲಕವಾದರೂ ಸಲ್ಲಿಸುವ ಹೊಣೆ ನಮ್ಮದೇ.