ಅವ್ವನ ಕೋಳಿ ಲೆಕ್ಕ

(ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಾಸ್ಟೆಲ್ ಗೆಳೆಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಗೆಳೆಯರೆ,

ಕವಿ ಅಂತ ಕರೆದು ನನ್ನನ್ನು ಇಲ್ಲಿ ನಿಲ್ಲಿಸಿದ್ದೀರಿ. ಹೋರಾಟದ ಪದ್ಯ ಓದುತ್ತಾನೆ ಅಂತ ಕಾದು ಕೂತಿದ್ದೀರಿ. ನಾನು ಇವತ್ತು ಕೋಳಿಯ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. ನಗುವವರು ನಗಿ, ಆದರೆ ಎದ್ದು ಹೋಗಬೇಡಿ.

ನಮ್ಮ ಸೀಮೆ ನಿಮಗೆ ಗೊತ್ತು. ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮ ಎರಡೂ ಸೇರಿವೆ. ಶೇಂಗಾ ಬಿತ್ತಿ ಮುಗಿಲು ನೋಡುವ ನಾಡು ಇದು. ಎಣ್ಣೆ ಗಿರಣಿಗಳಿಂದ ಚಳ್ಳಕೆರೆಗೆ ಹೆಸರು ಬಂತು, ರೇಷ್ಮೆ ಸೀರೆಯಿಂದ ಮೊಳಕಾಲ್ಮೂರಿಗೆ ಹೆಸರು ಬಂತು. ನಮ್ಮ ಕೇರಿಗೆ ಬಂದದ್ದು ಶೇಂಗಾ ಕೀಳುವ ಕೂಲಿ. ಹೊಲವಿಲ್ಲದವನ ಮನೆಯಲ್ಲಿ ಎಮ್ಮೆ ಕಟ್ಟೋಣ ಅಂದರೆ ಮೇವಿಲ್ಲ, ಕುರಿ ಹಿಡಿಯೋಣ ಅಂದರೆ ಕೈಯಲ್ಲಿ ದುಡ್ಡಿಲ್ಲ. ಪಹಣಿ ಕೇಳದೆ, ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳದೆ ಮನೆಗೆ ಬರುವ ಆಸ್ತಿ ಒಂದೇ ಒಂದು. ಅದು ಕೋಳಿ.

ಅಪ್ಪ ಹಾಸಿಗೆ ಹಿಡಿದ ವರ್ಷ ನಾನು ಪಿ.ಯು.ಸಿ. ಓದುತ್ತ ಹಾಸ್ಟೆಲಿನಲ್ಲಿದ್ದೆ. ಅವ್ವ ಚಿಕ್ಕವ್ವನ ಮನೆಯಿಂದ ಒಂದು ಹ್ಯಾಟೆಯನ್ನು ಪಾಲಿಗೆ ತಂದಳು. ಪಾಲು ಅಂದರೆ ಗೊತ್ತಲ್ಲ? ಸಾಕುವುದು ನಾವು, ಬದುಕಿದ ಮರಿಯಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಹ್ಯಾಟೆ ಹನ್ನೆರಡು ಮೊಟ್ಟೆಯ ಮೇಲೆ ಕಾವಿಗೆ ಕೂತಿತು. ಇಪ್ಪತ್ತೊಂದನೆಯ ದಿನಕ್ಕೆ ಹತ್ತು ಮರಿ ಎದ್ದವು. ಹದ್ದಿಗೆ ಮೂರು ಹೋದವು, ಬೆಕ್ಕಿಗೆ ಎರಡು, ಮುಂಗುಸಿಗೆ ಒಂದು. ಉಳಿದದ್ದು ನಾಲ್ಕು. ಚಿಕ್ಕವ್ವನ ಪಾಲು ಕಳೆದು ನಮ್ಮ ಮನೆಯ ಆಸ್ತಿ ಎರಡು ಪಿಳ್ಳೆ.

ಆ ಎರಡು ಪಿಳ್ಳೆಯಿಂದ ಅವ್ವ ಕಲಿತಳು. ಮುಂದಿನ ಸಲ ಒಂದು ತಿಂಗಳು ಮರಿಗಳನ್ನು ಮಂಕರಿ ಕೆಳಗಿಂದ ಆಚೆ ಬಿಡಲಿಲ್ಲ. ಸಜ್ಜೆಯ ನುಚ್ಚು ಹಾಕಿದಳು. ಹಳೆ ಮಡಕೆಗೆ ಸಗಣಿ, ಹರಕು ಗೋಣಿ ತುಂಬಿ, ನೀರು ಚಿಮುಕಿಸಿ, ಬೇಲಿ ಬುಡದಲ್ಲಿ ಬೋರಲು ಹಾಕಿದರೆ ಬೆಳಗಾಗುವುದರೊಳಗೆ ಗೆದ್ದಲು ಹತ್ತಿರುತ್ತಿತ್ತು. ಮರಿಗಳಿಗೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ. ರಾತ್ರಿ ಗೂಡನ್ನು ನಾಲ್ಕು ಕಲ್ಲಿನ ಮೇಲೆ ಎತ್ತಿ ಇಟ್ಟಳು. ಎರಡು ವರ್ಷಕ್ಕೆ ಸಣ್ಣದು ದೊಡ್ಡದು ಸೇರಿ ಇಪ್ಪತ್ತಮೂರು ಆದವು.

ಅವ್ವನಿಗೆ ಓದು ಬರುವುದಿಲ್ಲ. ಗೋಡೆಯ ಮೇಲೆ ಇದ್ದಿಲಲ್ಲಿ ಗೀಟು ಹಾಕುತ್ತಿದ್ದಳು. ಒಂದು ಮೊಟ್ಟೆಗೆ ಒಂದು ಗೀಟು, ಮಾರಿದರೆ ಅದರ ಮೇಲೆ ಅಡ್ಡ ಗೀಟು. ಅಡ್ಡ ಗೀಟು ಇಲ್ಲದ ಮೊಟ್ಟೆ ಆ ಗೋಡೆಯಲ್ಲಿ ಕಾವಿಗೆ ಇಟ್ಟದ್ದು ಮಾತ್ರ. ಅಂದರೆ ಏನು? ಮನೆ ತುಂಬ ಕೋಳಿ, ನನ್ನ ತಂಗಿಯ ಬಾಯಿಗೆ ಮೊಟ್ಟೆ ಇಲ್ಲ. ಸರ್ಕಾರ 2021ರ ಕೊನೆಗೆ ಕೆಲವು ಜಿಲ್ಲೆಯ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಬೇಡ ಅಂದರು. 2024ರಲ್ಲಿ ಅದು ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಆರು ದಿನಕ್ಕೆ ಏರಿತು. ಬೇಡ ಅಂದವರಿಗೆ ನಮ್ಮ ಗೋಡೆಯ ಗೀಟು ತೋರಿಸಬೇಕಿತ್ತು.

ಈಗ ನನ್ನ ತಪ್ಪು ಹೇಳುತ್ತೇನೆ. ಬಿ.ಎ. ಓದುವಾಗ ರಜೆಗೆ ನಾಲ್ಕು ಜನ ಗೆಳೆಯರನ್ನು ಕರೆದುಕೊಂಡು ಊರಿಗೆ ಹೋದೆ. ಅಂಗಳದಲ್ಲಿ ಕೆಂಪು ಹ್ಯಾಟೆ ಓಡಾಡುತ್ತಿತ್ತು. "ಅವ್ವಾ, ಅದನ್ನ ಕೊಯ್ಯಿ" ಅಂದೆ. ಅವ್ವ ನನ್ನ ಮುಖ ನೋಡಿದಳು, ಗೆಳೆಯರ ಮುಖ ನೋಡಿದಳು, ಮಾತಾಡದೆ ಹಿಡಿದು ತಂದಳು. ಮುದ್ದೆ ಸಾರು ಉಂಡೆವು, ಕ್ರಾಂತಿಯ ಮಾತಾಡುತ್ತ ಮಲಗಿದೆವು. ಬೆಳಿಗ್ಗೆ ತಂಗಿ ಹೇಳಿದಳು: "ಚೆನ್ನಾಗಿ ಕಾವು ಕೂರ್ತಿದ್ದದ್ದು ಅದೊಂದೇ ಕಣಣ್ಣ. ನಿನ್ನ ಪರೀಕ್ಷೆ ಫೀಜು ಅದ್ರಿಂದಾನೆ ಬರ್ತಿತ್ತು. ನಿನ್ನ ಫೀಜು ನೀನೇ ತಿಂದೆ."

ಗೆಳೆಯರೆ, ಧಣಿಯ ಮನೆಯವನು ಹಿಂದೆ ಕೇರಿಗೆ ಬಂದು ಹುಂಜ ತೋರಿಸಿ "ಹಿಡಕೊಂಡು ಬಾರೋ" ಅಂತಿದ್ದನಂತೆ. ಆ ಕತೆ ಹೇಳಿ ನಾವು ಸಿಟ್ಟಾಗುತ್ತೇವೆ. ಅವತ್ತು ನನ್ನ ಬೆರಳು ಅದೇ ಥರ ನೆಟ್ಟಗಿತ್ತು.

ಆಮೇಲಿನ ಬೇಸಿಗೆಗೆ ಕೊಕ್ಕರೆ ರೋಗ ಬಂತು. ರಾಣಿಖೇತ್ ರೋಗ ಅನ್ನುವುದೂ ಇದನ್ನೇ. ಕೋಳಿಗಳು ಮಂಕಾಗಿ ರೆಕ್ಕೆ ಇಳಿಬಿಟ್ಟವು, ಹಸಿರು ಪಿಚಿಕೆ ಹಾಕಿದವು, ಬಾಯಿ ತೆರೆದು ಉಸಿರೆಳೆದವು, ಕುತ್ತಿಗೆ ತಿರುಚಿಕೊಂಡು ಬಿದ್ದವು. ಎಂಟು ದಿನದಲ್ಲಿ ಹತ್ತೊಂಬತ್ತು ಹೋದವು. ಅವ್ವ ಮಾರಮ್ಮನಿಗೆ ಹರಕೆ ಕಟ್ಟಿದಳು. ಕೇರಿಯಲ್ಲಿ ಕೆಲವರು ಸಾಯುವುದನ್ನು ಕೊಯ್ದು ತಿಂದರು. ಸತ್ತದ್ದನ್ನು ತಿನ್ನಬೇಡಿ ಅಂತ 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಹೇಳಿದ್ದನ್ನು ನಾನು ಭಾಷಣದಲ್ಲಿ ಹೇಳುತ್ತಿದ್ದೆ. ನಮ್ಮ ಕೇರಿಯಲ್ಲಿ ಹೇಳಲು ಬಾಯಿ ಬರಲಿಲ್ಲ. ಹಸಿದವರ ಮುಂದೆ ಬರೀ ಮಾತು ಸಾಲದು. ನಾನು ಏನು ಮಾಡಿದೆ ಗೊತ್ತೆ? ಸತ್ತ ಕೋಳಿಗಳ ಮೇಲೆ ಒಂದು ಪದ್ಯ ಬರೆದೆ. ಲಸಿಕೆ ಇದೆಯಾ ಅಂತ ಯಾರನ್ನೂ ಕೇಳಲಿಲ್ಲ.

ಲಸಿಕೆ ಇತ್ತು. ಈ ರೋಗ ಬಂದ ಮೇಲೆ ಮದ್ದಿಲ್ಲ, ಬರುವ ಮುಂಚೆ ಲಸಿಕೆ ಉಂಟು. ಏಳು ದಿನದ ಮರಿಗೆ ಲಸೋಟ ಅನ್ನುವುದನ್ನು ಕಣ್ಣಿಗೋ ಮೂಗಿಗೋ ಒಂದು ಹನಿ ಬಿಡುತ್ತಾರೆ. ತಿಂಗಳಿಗೆ ಇನ್ನೊಂದು ಸಲ. ಎಂಟು ವಾರದ ಸುಮಾರಿಗೆ ಆರ್‌ಟೂಬಿ ಅನ್ನುವ ಸೂಜಿಯನ್ನು ರೆಕ್ಕೆಯ ಹತ್ತಿರ ಹಾಕುತ್ತಾರೆ. ತೊಡಕು ಎಲ್ಲಿದೆ ಅಂದರೆ, ಒಂದು ಸೀಸೆಯಲ್ಲಿ ನೂರು ಕೋಳಿಗೋ ಅದಕ್ಕಿಂತ ಹೆಚ್ಚಿಗೋ ಆಗುವಷ್ಟು ಮದ್ದು ಇರುತ್ತದೆ. ಐಸಿನಲ್ಲೇ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿ ಇರುವ ಒಬ್ಬಳು ಹೆಂಗಸಿಗೆ ಆ ಸೀಸೆಯನ್ನು ಯಾರು ಒಡೆಯುತ್ತಾರೆ?

ಅದಕ್ಕೇ ಮುಂದಿನ ವರ್ಷ ತಂಗಿ ಹಳೆ ನೋಟ್‌ಬುಕ್ ಹಿಡಿದು ಮನೆ ಮನೆ ಎಣಿಸಿದಳು. ಹದಿನಾಲ್ಕು ಮನೆ, ತೊಂಬತ್ತೇಳು ಕೋಳಿ. ಪಶು ಆಸ್ಪತ್ರೆಗೆ ಆ ಲೆಕ್ಕ ಹಿಡಿದು ಹೋದೆವು. ಒಂದು ಮುಂಜಾನೆ, ಗೂಡಿನ ಬಾಗಿಲು ತೆಗೆಯುವ ಮುಂಚೆ, ಸೂಜಿ ಹಾಕುವವರು ಬಂದರು. ಊರಿನ ಕೋಳಿಯೂ ಕೇರಿಯ ಕೋಳಿಯೂ ಕೆದಕುವುದು ಒಂದೇ ತಿಪ್ಪೆ ಆದ್ದರಿಂದ ಊರಿನವರಿಗೂ ಹೇಳಿ ಕಳಿಸಿದ್ದೆವು. ನಮ್ಮನ್ನು ಜಗಲಿ ಹತ್ತಿಸದ ಮನೆಯ ಅಮ್ಮನೊಬ್ಬಳು ಕೇರಿಯ ಬಾಯಿಗೆ ಬಂದು ಮಂಕರಿ ಇಟ್ಟಳು. ಅವಳ ಕೋಳಿಗಳ ರೆಕ್ಕೆ ಬಿಡಿಸಿ ಹಿಡಿದವಳು ನನ್ನ ತಂಗಿ. ಜಾತಿ ಹೋಯಿತು ಅಂತ ನಾನು ಹೇಳುವುದಿಲ್ಲ. ಮಾರನೆಯ ದಿನ ಚಾ ಅಂಗಡಿಯಲ್ಲಿ ನಮಗೆ ಲೋಟ ಬೇರೆಯೇ ಇತ್ತು. ಆದರೆ ಆ ಬೇಸಿಗೆ ಕೇರಿಯಲ್ಲಿ ಕೋಳಿ ಸಾಯಲಿಲ್ಲ.

ಮನೆಯಲ್ಲಿ ಹೊಸದಾಗಿ ಶುರು ಮಾಡುವವರು ಇದ್ದರೆ ನಾಲ್ಕು ಮಾತು ತಿಳಿಸಿ.

ಒಂದು, ಐದು ಹ್ಯಾಟೆ, ಒಂದು ಹುಂಜ ಸಾಕು. ಸಾಲ ಮಾಡಬೇಡಿ. ಬೇಸಿಗೆಯಲ್ಲಿ ನೆರಳು, ಮಣ್ಣಿನ ಬಾನಿಯಲ್ಲಿ ತಣ್ಣನೆ ನೀರು ತಪ್ಪಿಸಬೇಡಿ. ಪಕ್ಕದಲ್ಲಿ ಮ್ಯಾಸಬೇಡರ ಹಟ್ಟಿ ಇದ್ದರೆ ಮೊದಲೇ ಮಾತಾಡಿಕೊಳ್ಳಿ. ಕೋಳಿ ಅವರ ಕಟ್ಟಳೆಗೆ ಆಗದ್ದು.

ಎರಡು, ಬೂಸಲು ಹಿಡಿದ ಶೇಂಗಾ ಹಿಂಡಿ ಹಾಕಬೇಡಿ. ಇದು ಎಣ್ಣೆ ಊರಿನವರಿಗೆ ಮುಖ್ಯ, ಯಾಕೆಂದರೆ ಕೆಟ್ಟ ಹಿಂಡಿ ಇಲ್ಲಿ ಅಗ್ಗಕ್ಕೆ ಸಿಗುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತವು. ಹುಡುಕಿದರೆ ಕಾರಣ ಬೂಸಲು ಹಿಡಿದ ಶೇಂಗಾ ಹಿಂಡಿ. ಆ ವಿಷಕ್ಕೆ ಅಫ್ಲಾಟಾಕ್ಸಿನ್ ಅಂತ ಹೆಸರಿಟ್ಟರು. ಬೇಯಿಸಿದರೂ ಅದು ಹೋಗುವುದಿಲ್ಲ.

ಮೂರು, ಗಿರಿರಾಜ ಕೋಳಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಬಿಟ್ಟ ತಳಿ. ಬೇಗ ತೂಕ ಬರುತ್ತದೆ, ನಾಟಿಗಿಂತ ಹೆಚ್ಚು ಮೊಟ್ಟೆ ಇಡುತ್ತದೆ. ಆದರೆ ಕಾವಿಗೆ ಕೂರುವುದಿಲ್ಲ, ಮೈಭಾರ ಆದ್ದರಿಂದ ನಾಯಿಗೆ ಬೇಗ ಸಿಗುತ್ತದೆ. ಮರಿ ಮಾಡಿಸಲು ನಾಟಿ ಹ್ಯಾಟೆಯೇ ಬೇಕು.

ನಾಲ್ಕು, ಶೆಡ್ ಕಟ್ಟಿ, ಮರಿ ನಾವು ಕೊಡುತ್ತೇವೆ ಅನ್ನುವ ಕಂಪನಿಗಳು. ಅದೂ ಒಂದು ಪಾಲೇ. ಆದರೆ ಚಿಕ್ಕವ್ವನ ಪಾಲಲ್ಲ. ಮರಿ, ಮೇವು ಅವರದು. ಶೆಡ್ಡು, ಸಾಲ, ಕರೆಂಟು ಬಿಲ್ಲು, ನೀರು, ನಿದ್ದೆ ನಮ್ಮದು. ಕೂಲಿ ತೂಕದ ಮೇಲೆ. ಕೊಳವೆ ಬಾವಿ ಬತ್ತುವ ನಾಡಿನಲ್ಲಿ ಕಾಗದವನ್ನು ಎರಡು ಸಲ ಓದಿ ಸಹಿ ಮಾಡಿ. ಓದಲು ಬರುವವರು ಮನೆಯಲ್ಲಿ ನೀವೇ.

ಕೋಳಿಯಿಂದ ನಮ್ಮ ಬಡತನ ಹೋಗುತ್ತದೆ ಅಂತ ಹೇಳಲು ನಾನು ಬಂದಿಲ್ಲ. ಭೂಮಿ ಕೇಳುವುದನ್ನು ಬಿಟ್ಟು ಕೋಳಿ ಸಾಕಿ ಅನ್ನುವವರು ಬಂದರೆ ನಂಬಬೇಡಿ. ಭೂಮಿಯನ್ನು ಕೇಳಲೇಬೇಕು. ಕೇಳುವ ತನಕ ಮನೆ ನಡೆಯಬೇಕಲ್ಲ, ಅದನ್ನು ನಡೆಸಿದವಳು ಅವ್ವ. ನಮ್ಮ ಮನೆಗೆ ಧಣಿಯ ಕೈಯಿಂದ ಬಾರದ ಮೊದಲ ದುಡ್ಡು ಅವಳ ಸೆರಗಿನ ಗಂಟಿನಲ್ಲಿತ್ತು. ಅದು ಅವಳ ದುಡ್ಡು. ಅಪ್ಪನದೂ ಅಲ್ಲ, ಓದಿದ ಮಗನದೂ ಅಲ್ಲ.

ಈ ಸಲ ರಜೆಗೆ ಹೋದಾಗ "ಕೋಳಿ ಕೊಯ್ಯಿ" ಅನ್ನಬೇಡಿ. "ಎಷ್ಟು ಅದಾವೆ ಅವ್ವಾ?" ಅಂತ ಕೇಳಿ. ಕೇರಿಯನ್ನೆಲ್ಲ ಎಣಿಸಿ, ಲೆಕ್ಕ ಬರೆದುಕೊಂಡು ಪಶು ಆಸ್ಪತ್ರೆಗೆ ಹೋಗಿ. ಸತ್ತದ್ದನ್ನು ಸುಣ್ಣ ಹಾಕಿ ಆಳವಾಗಿ ಹೂಳಿಸಿ. ಆಮೇಲೆ ಪದ್ಯ ಬರೆಯಿರಿ. ನಾನು ಓದುತ್ತೇನೆ.

ಕೆಂಪು ಹ್ಯಾಟೆಯ ಸಾಲ ನನ್ನ ಮೇಲೆ ಇನ್ನೂ ಐತೆ. ಅವ್ವ ಕೇಳಿಲ್ಲ. ಗೋಡೆಗೆ ಸುಣ್ಣ ಬಳಿದರೂ ಆ ಗೀಟು ಕಾಣುತ್ತದೆ.

ಜೈ ಭೀಮ್.